ಗೇಣಿಗೊಂದು ಕಡ್ಡಿ ನೆಟ್ಟ ಬಂಗಾರಮ್ಮ

ಬಂಗಾರಮ್ಮನಿಗೆ ಮೂವತ್ತೊಂದು ವರ್ಷದ ಕೂಲಿ ಬಾಕಿ ಇದೆ. ಭದ್ರಾವತಿಯಿಂದ ಎಂಟು ಕಿಲೋಮೀಟರ್ ಆಚೆ, ಭದ್ರಾ ಚಾನಲ್ಲಿನ ಪಕ್ಕದ ಎರಡೂವರೆ ಎಕರೆ ಗದ್ದೆಯಲ್ಲಿ ಅಷ್ಟು ವರ್ಷ ದುಡಿದವಳು ಅವಳು. ನಾಟಿಗೆ ಬಂದ ಹೆಂಗಸರಿಗೆ ಅಂದಂದಿನ ಕೂಲಿಯನ್ನು ಅಂದಂದೇ ಕೈಗಿಟ್ಟಳು. ಅವಳ ಕೈಗೆ ಮಾತ್ರ ಯಾರೂ ಒಂದು ದಿನದ್ದೂ ಇಡಲಿಲ್ಲ. ಮನೆಯವಳಿಗೆ ಕೂಲಿ ಯಾರು ಕೊಡುತ್ತಾರೆ? ಅವಳೂ ಕೇಳಿದವಳಲ್ಲ. ಅರವತ್ತು ತುಂಬಿದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು: ಆ ಗದ್ದೆಯ ಪಹಣಿಯಲ್ಲಿ ತನ್ನ ಹೆಸರು. ಅಷ್ಟಕ್ಕೇ ಮನೆಯಲ್ಲಿ ರಂಪವಾಯಿತು.

ಅವಳ ಗಂಡ ಜಯಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಗಿನ ಪಾಳಿ ಇದ್ದರೆ ಕೋಳಿ ಕೂಗುವ ಮೊದಲೇ ಬುತ್ತಿ ಕಟ್ಟಿಕೊಂಡು ಸೈಕಲ್ ಏರುತ್ತಿದ್ದ. ಅತ್ತೆ ಮಾವ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಜಮೀನಿನ ಖಾತೆ ಜಯಪ್ಪನ ಹೆಸರಿಗೆ ಬಂತು, ಗೇಯುವ ಕೆಲಸ ಬಂಗಾರಮ್ಮನ ಬೆನ್ನಿಗೆ ಬಂತು. ಆಗ ಅವಳಿಗೆ ಇಪ್ಪತ್ತೊಂಬತ್ತು. ಕಂಕುಳಲ್ಲಿ ಮಗಳು ಸುಶ್ಮಿತಾ, ಸೆರಗು ಹಿಡಿದುಕೊಂಡು ಮಗ ಚಂದ್ರು.

ಮೊದಲ ವರ್ಷವೇ ಅನಾಹುತ. ಪಕ್ಕದ ಗದ್ದೆಯ ಓಂಕಾರಪ್ಪನ ಎಮ್ಮೆಗಳು ಹಗ್ಗ ಕಿತ್ತುಕೊಂಡು ಬಂದು ಅವಳ ಸಸಿಮಡಿಗೆ ಬಿದ್ದವು. ಹನ್ನೆರಡು ದಿನದ ಎಳೆ ಸಸಿ. ಮುಕ್ಕಾಲು ಪಾಲು ಎಮ್ಮೆಯ ಹೊಟ್ಟೆ ಸೇರಿತು. ಹೊಸದಾಗಿ ಬೀಜ ಹಾಕಿ ಕಾಯುವಷ್ಟರಲ್ಲಿ ಚಾನಲ್ ನೀರಿನ ಸರದಿ ಕಳೆದುಹೋಗುತ್ತಿತ್ತು. ಉಳಿದ ಸಸಿಯನ್ನಾದರೂ ಉಳಿಸಿಕೊಳ್ಳೋಣ ಎಂದು ಬಂಗಾರಮ್ಮ ಮಾರನೆಯ ದಿನವೇ ಕಿತ್ತು ನಾಟಿಗೆ ಇಳಿದಳು. ಊರಲ್ಲೆಲ್ಲ ತಿಂಗಳ ಸಸಿಯನ್ನು ಐದಾರು ಕಡ್ಡಿ ಸೇರಿಸಿ ಒತ್ತೊತ್ತಾಗಿ ಊರುವುದು ರೂಢಿ. ಇವಳ ಹತ್ತಿರ ಅಷ್ಟು ಸಸಿ ಎಲ್ಲಿತ್ತು? ಗೇಣಿಗೊಂದರಂತೆ ಒಂಟಿ ಕಡ್ಡಿ ನೆಡುತ್ತ ಹೋದಳು. ಎಳೆಯವು ಮುಳುಗಿ ಕೊಳೆಯಬಾರದೆಂದು ಗದ್ದೆಯಲ್ಲಿ ನೀರನ್ನೂ ನಿಲ್ಲಿಸಲಿಲ್ಲ. ಹಾಯಿಸುವುದು, ಆರಲು ಬಿಡುವುದು, ಮತ್ತೆ ಹಾಯಿಸುವುದು.

ಓಂಕಾರಪ್ಪ ಬದುವಿನ ಮೇಲೆ ಬಂದು ನಿಂತ. ತಪ್ಪು ತನ್ನ ಎಮ್ಮೆಯದಾದರೂ ಬಾಯಿ ಸುಮ್ಮನಿರಬೇಕಲ್ಲ.

“ಏನು ಬಂಗಾರಿ, ಗದ್ದೆಗೆ ಬೊಟ್ಟು ಇಡ್ತಾ ಇದೀಯಾ?”

“ಹೂಂ ಓಂಕಾರಣ್ಣ. ಕುಂಕುಮ ಎಲ್ಲಾ ನಿನ್ನ ಎಮ್ಮೆ ತಿಂದ್ಬಿಡ್ತು, ಇದ್ದಷ್ಟರಲ್ಲೇ ಇಡ್ತಾ ಇದೀನಿ.”

ಒಂದೂವರೆ ತಿಂಗಳಾದ ಮೇಲೆ ಅದೇ ಓಂಕಾರಪ್ಪ ಅದೇ ಬದುವಿನ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ಒಂದೊಂದು ಕಡ್ಡಿಯ ಬುಡದಿಂದ ಮೂವತ್ತು ನಲವತ್ತು ತೆಂಡೆ ಒಡೆದು ಪೊದೆಯಾಗಿದ್ದವು. ಕೊಯ್ಲಿನಲ್ಲಿ ಅವನಿಗಿಂತ ಇವಳ ಚೀಲವೇ ಹೆಚ್ಚು. ಮುಂದೆ ಇಂಥದೇ ಪದ್ಧತಿಯನ್ನು ಇಲಾಖೆಯವರು ಪಾಂಪ್ಲೆಟ್ ಹಿಡಿದುಕೊಂಡು ಊರೂರಿಗೆ ಹೇಳಲು ಬಂದರು. ಅಷ್ಟು ಹೊತ್ತಿಗೆ ಬಂಗಾರಮ್ಮ ಹತ್ತು ಬೆಳೆ ತೆಗೆದಾಗಿತ್ತು.

ಕಷ್ಟವಿರಲಿಲ್ಲ ಎಂದಲ್ಲ. ನೀರು ನಿಲ್ಲದ ಗದ್ದೆಯಲ್ಲಿ ಕಳೆ ದೆವ್ವದಂತೆ ಏಳುತ್ತದೆ. ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಯಿತು. ಜಯಪ್ಪ ಗುಜರಿ ಅಂಗಡಿಯಿಂದ ಕಬ್ಬಿಣ ತಂದು, ಜೊತೆಯ ಕೆಲಸಗಾರನಿಂದ ಬೆಸುಗೆ ಹಾಕಿಸಿ, ಸಾಲಿನ ನಡುವೆ ತಳ್ಳಿಕೊಂಡು ಹೋಗುವ ಹಲ್ಲಿನ ಉರುಳೆಯೊಂದನ್ನು ಮಾಡಿಕೊಟ್ಟ. ಕಾರ್ಖಾನೆಯ ಕೈ. ಅದನ್ನು ಗದ್ದೆಗೆ ಇಳಿಸಲು ಇಬ್ಬರು ಬೇಕಾಯಿತು.

“ಇದನ್ನ ತಳ್ಳೋಕೆ ರೈಲ್ವೆ ಹಳಿ ಹಾಕಿಸ್ಬೇಕು ಕಣ್ರೀ” ಎಂದಳು ಬಂಗಾರಮ್ಮ.

“ತಡಿ ಮಾರಾಯ್ತಿ, ತೂಕ ಇಳಿಸ್ತೀನಿ” ಎಂದ. ನಾಲ್ಕು ಸಲ ಬಿಚ್ಚಿ ಕಟ್ಟಿದ. ಐದನೆಯದು ಅವಳ ಕೈಗೆ ಒಗ್ಗಿತು. ಆಮೇಲೆ ಪಾಳಿ ಮುಗಿಸಿ ಬಂದವನು ಬದುವಿನ ಮೇಲೆ ಕುಳಿತು ಪೇಪರ್ ಓದಿ ಹೇಳುವುದು, ಅವಳು ಸಾಲಿನಲ್ಲಿ ಉರುಳೆ ತಳ್ಳುತ್ತ ಕೇಳಿಸಿಕೊಳ್ಳುವುದು, ಇದೇ ಅವರ ಸಂಸಾರವಾಯಿತು. ಗದ್ದೆಯ ಆ ತುದಿಗೆ ಹೋದಾಗ ಕೇಳುವುದಿಲ್ಲವೆಂದು ಅವನು ಅಷ್ಟು ಭಾಗವನ್ನು ಎರಡು ಸಲ ಓದುತ್ತಿದ್ದ.

ಸುದ್ದಿ ಶಿವಮೊಗ್ಗದವರೆಗೆ ಹೋಯಿತು. ಒಂದು ಸಭೆಯಲ್ಲಿ ‘ಪ್ರಗತಿಪರ ರೈತ’ ಎಂದು ಸನ್ಮಾನ ಮಾಡುತ್ತೇವೆಂದು ಕಾಗದ ಬಂತು. ಕಾಗದದಲ್ಲಿದ್ದ ಹೆಸರು ಜಯಪ್ಪ. ಪಹಣಿ ನೋಡಿ ಬರೆದಿದ್ದರು, ಪಹಣಿಯಲ್ಲಿ ಇದ್ದವನು ಅವನೇ. ಇಬ್ಬರಿಗೂ ಅದು ತಪ್ಪು ಎನ್ನಿಸಲೇ ಇಲ್ಲ. ಬಂಗಾರಮ್ಮ ಅವನ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿ ಕೊಟ್ಟು, ಮಕ್ಕಳನ್ನು ಕಟ್ಟಿಕೊಂಡು ಮೂರನೇ ಸಾಲಿನಲ್ಲಿ ಕುಳಿತಳು. ಶಾಲು ಹೊದ್ದ ಜಯಪ್ಪನನ್ನು ಯಾರೋ ಎದ್ದು ಕೇಳಿದರು: “ಎಷ್ಟು ದಿನದ ಸಸಿ ನಾಟಿ ಮಾಡ್ತೀರಿ ಯಜಮಾನ್ರೆ?” ಜಯಪ್ಪ ಬೆವರಿದ. ಬಂಗಾರಮ್ಮ ಮೂರನೇ ಸಾಲಿನಿಂದ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದಳು, ಆಮೇಲೆ ಇನ್ನೆರಡು. “ಹತ್ತು” ಎಂದ ಜಯಪ್ಪ, ಅವಳನ್ನೇ ನೋಡುತ್ತ, “ಮತ್ತೆ... ಎರಡು.” ಸಭೆ ಗೊಳ್ಳೆಂದಿತು. ಮನೆಗೆ ಬಂದ ಶಾಲನ್ನು ಬಂಗಾರಮ್ಮ ನೆನೆಹಾಕಿದ ಬೀಜದ ಚೀಲಕ್ಕೆ ಹೊದಿಸಿದಳು. ಬೆಚ್ಚಗಿದ್ದರೆ ಮೊಳಕೆ ಬೇಗ ಬರುತ್ತದೆ. ಸನ್ಮಾನದ ಶಾಲಿನಿಂದ ಊರಿಗೆ ಉಪಯೋಗವಾಗಿದ್ದು ಅದೊಂದೇ ಸಲ ಇರಬೇಕು.

ನಗುವ ಮಾತು ನಗುವಾಗಿಯೇ ಉಳಿಯಬಹುದಿತ್ತು. ಆದರೆ ಕಳೆದ ವರ್ಷ ಎದೆನೋವೆಂದು ಕುಳಿತ ಜಯಪ್ಪ ಮತ್ತೆ ಏಳಲಿಲ್ಲ. ಎಂಟು ತಿಂಗಳ ಮೇಲೆ ಬಂಗಾರಮ್ಮ ಭತ್ತ ಒಣಹಾಕಲು ಸಬ್ಸಿಡಿಯ ಟಾರ್ಪಾಲ್ ಕೇಳಿಕೊಂಡು ಕೃಷಿ ಕಚೇರಿಗೆ ಹೋದಳು. ಕೌಂಟರಿನ ಹುಡುಗಿ ಒಳ್ಳೆಯವಳೇ. ಮೂರು ಸಲ ಆಧಾರ್ ನಂಬರ್ ಒತ್ತಿ ನೋಡಿದಳು.

“ಅಜ್ಜಿ, ನಿಮ್ಮ ಹೆಸರಲ್ಲಿ ಜಮೀನೇ ಇಲ್ಲ. ಕಂಪ್ಯೂಟರಲ್ಲಿ ನೀವು ರೈತರಲ್ಲ. ಜಯಪ್ಪ ಅಂತ ಇದೆ, ಅವರನ್ನೇ ಕರ್ಕೊಂಡು ಬನ್ನಿ.”

“ಅವರು ತೀರಿಹೋದ್ರು ಕಣಮ್ಮ. ಕರೆಯೋಕೆ ಹೋದ್ರೆ ನಾನೂ ವಾಪಸ್ ಬರಲ್ಲ.”

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಬಂಗಾರಮ್ಮ ತಮಾಷೆ ಮಾಡಿ ಹೊರಗೆ ಬಂದಳೇನೋ ನಿಜ. ಬಸ್ಸಿನಲ್ಲಿ ಕುಳಿತ ಮೇಲೆ ಮಾತ್ರ ಹುಡುಗಿಯ ಮಾತು ಅವಳನ್ನು ಬಿಡಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡಳು. ಉರುಳೆ ಹಿಡಿದ ಜಾಗದಲ್ಲಿ ಎರಡು ಕಡೆ ಗಂಟು. ರೈತಳಲ್ಲದಿದ್ದರೆ ಇಷ್ಟು ವರ್ಷ ತಾನು ಆ ಕೆಸರಿನಲ್ಲಿ ಏನಾಗಿದ್ದೆ?

ಅದೇ ಭಾನುವಾರ ಮಕ್ಕಳಿಬ್ಬರೂ ಬಂದರು. ಚಂದ್ರುವಿಗೆ ಶಿವಮೊಗ್ಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ರಾಗಿಗುಡ್ಡದಲ್ಲಿ ಮನೆ. ಸುಶ್ಮಿತಾ ಭದ್ರಾವತಿಯ ನ್ಯೂ ಟೌನಿನಲ್ಲಿದ್ದಾಳೆ, ಮಕ್ಕಳ ಶಾಲೆಯಲ್ಲಿ ಟೀಚರು. ಚಂದ್ರು ಅಕ್ಕಿರೊಟ್ಟಿ ತಿಂದು ಕೈ ತೊಳೆದು ಕಾಗದ ಬಿಚ್ಚಿದ. ಖಾತೆ ತನ್ನ ಹೆಸರಿಗೆ ಆಗಬೇಕು, ತಾಯಿ ತಂಗಿ ಇಬ್ಬರೂ ಹಕ್ಕು ಬಿಟ್ಟಿದ್ದೇವೆಂದು ಸಹಿ ಹಾಕಬೇಕು. ರೂಢಿಯಂತೆ ತಂಗಿಗೆ ಸೀರೆ, ಬಳೆ, ಅರಿಶಿನ ಕುಂಕುಮವನ್ನೂ ತಂದಿದ್ದ. ಸುಶ್ಮಿತಾ ಪೆನ್ನು ತೆಗೆದಿಟ್ಟುಕೊಂಡೇ ಕುಳಿತಿದ್ದಳು. ಹೆಣ್ಣುಮಕ್ಕಳು ಸೀರೆ ಉಟ್ಟು ಸಹಿ ಹಾಕಿ ಹೋಗುವುದನ್ನು ಅವಳು ಎಷ್ಟು ಮನೆಗಳಲ್ಲಿ ನೋಡಿಲ್ಲ?

“ನಾನು ಹಾಕಲ್ಲ” ಎಂದಳು ಬಂಗಾರಮ್ಮ. “ನನ್ನ ಹೆಸರು ಬರ್ಬೇಕು.”

ಚಂದ್ರು ಮೊದಲು ನಕ್ಕ. ಆಮೇಲೆ ಅವನ ಮುಖ ಸಣ್ಣದಾಯಿತು. “ಅಮ್ಮ, ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ?”

“ಇದೆ ಕಣೋ. ನಿಮ್ಮಪ್ಪನ ಮೇಲೂ ಇತ್ತು. ನಂಬಿಕೆ ತೋರಿಸಿದ್ರೆ ಟಾರ್ಪಾಲ್ ಕೊಡಲ್ಲ.”

“ಊರಲ್ಲಿ ಯಾರು ತಾಯಿ ಹೆಸರಿಗೆ ಮಾಡ್ಸಿದಾರೆ ಹೇಳು. ಮಗ ಅನ್ನ ಹಾಕಲ್ಲ ಅಂತ ಅವ್ಳು ಬರೆಸ್ಕೊಂಡ್ಳು ಅಂತಾರೆ. ನಾನು ಚೌಕದಲ್ಲಿ ಟೀ ಕುಡಿಯೋಕೆ ಹೋಗೋದು ಬೇಡ್ವಾ?”

ಅವನ ಸಂಕಟ ಸುಳ್ಳಲ್ಲ. ವಾರಕ್ಕೊಮ್ಮೆ ಮಾತ್ರೆ ಔಷಧಿ ಹಿಡಿದುಕೊಂಡು ಬರುವ ಮಗ. ಅಮ್ಮನ ಹೆಸರು ಕಾಗದದ ಮೇಲೆ ಬಂದರೆ ತನ್ನ ಹೆಸರು ಊರಲ್ಲಿ ಹೋಗುತ್ತದೆಂದು ಹೆದರಿದ್ದ. ಅಂದು ಯಾರೂ ಸಹಿ ಹಾಕಲಿಲ್ಲ. ಆದರೆ ಅರ್ಜಿಯನ್ನು ಅವನು ಆಗಲೇ ಕೊಟ್ಟಾಗಿತ್ತು. ಸ್ಥಳ ಮಹಜರಿನ ದಿನ ನಾಲ್ಕು ಜನರ ಮುಂದೆ ಅಮ್ಮ ಮಗನ ಮಾನ ತೆಗೆಯಲಾರಳು ಎಂಬುದು ಅವನ ಲೆಕ್ಕ. ಬಂಗಾರಮ್ಮನಿಗೂ ಆ ಲೆಕ್ಕ ಗೊತ್ತಿತ್ತು. ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ.

ಗುರುವಾರ ಗ್ರಾಮ ಆಡಳಿತಾಧಿಕಾರಿ ನರಸಿಂಹಮೂರ್ತಿ ಗದ್ದೆಗೆ ಬಂದರು. ಹೊಸದಾಗಿ ನಾಟಿಯಾದ ಗದ್ದೆ. ಬದುವಿನ ಮೇಲೆ ಮಗ, ಮಗಳು, ಸಾಕ್ಷಿಗೆಂದು ಓಂಕಾರಪ್ಪ. ಟೈಪ್ ಮಾಡಿಸಿ ತಂದ ಕಾಗದವನ್ನು ನರಸಿಂಹಮೂರ್ತಿ ಗಟ್ಟಿಯಾಗಿ ಓದಿದರು. ಮೃತ ಜಯಪ್ಪನವರು ಸ್ವತಃ ಸಾಗುವಳಿ ಮಾಡಿಕೊಂಡಿದ್ದು, ತದನಂತರ ಅವರ ಮಗ ಚಂದ್ರು ಸಾಗುವಳಿ ಮಾಡಿಕೊಂಡಿರುತ್ತಾರೆ.

“ಅಮ್ಮ, ನಿಮ್ಮದೇನೂ ತಕರಾರಿಲ್ಲ ತಾನೆ?”

ಬಂಗಾರಮ್ಮ ತಲೆಯೆತ್ತಿದಳು. ಎದುರಿಗೆ ಮಗನ ಮುಖ. “ಮಗನ ಮೇಲೆ ತಕರಾರಿಲ್ಲ ಸಾರ್” ಎಂದಳು, ಕೊನೆಗೆ. “ಈ ಕಾಗದದ ಮೇಲಿದೆ. ಗೇಯ್ದೋಳು ನಾನು. ನನ್ನ ಹೆಸರು ಹಾಕಿ.”

ಚಂದ್ರು ತಲೆ ತಗ್ಗಿಸಿದ. ನರಸಿಂಹಮೂರ್ತಿ ಕಾಗದವನ್ನು ಓಂಕಾರಪ್ಪನ ಮುಂದೆ ಹಿಡಿದರು. “ಯಜಮಾನ್ರೆ, ನೀವು ಸಾಕ್ಷಿ ಸಹಿ ಹಾಕಿ, ಮಿಕ್ಕಿದ್ದು ಮನೆಯವರು ಮಾತಾಡ್ಕೊಳ್ಲಿ.”

ಓಂಕಾರಪ್ಪ ಕನ್ನಡಕ ಏರಿಸಿ ತಾನೇ ಒಂದು ಸಲ ಓದಿಕೊಂಡ. “ಇದಕ್ಕೆ ನಾನು ಹಾಕಲ್ಲ ಸ್ವಾಮಿ.”

“ಯಾಕೆ?”

“ಜಯಪ್ಪ ದೇವರಂಥ ಮನುಷ್ಯ. ಆದ್ರೆ ಅವನು ನೇಗಿಲು ಹಿಡಿದ್ರೆ ಎತ್ತು ನಗ್ತಿದ್ವು. ಇವನು ಚಂದ್ರು, ಮೋಟಾರ್ ಬಿಚ್ಚು ಅಂದ್ರೆ ಕಣ್ಣು ಮುಚ್ಕೊಂಡು ಬಿಚ್ತಾನೆ. ಗದ್ದೆಗೆ ನೀರು ಬಿಡೋ ತೂಬು ಎಲ್ಲಿದೆ ಅಂತ ಕೇಳಿ ನೋಡಿ.”

ಚಂದ್ರು ಬೇಲಿಯ ಮೂಲೆಗೆ ಕೈ ತೋರಿಸಿದ. ಆ ತೂಬನ್ನು ಮುಚ್ಚಿ ಹದಿನೈದು ವರ್ಷವಾಗಿತ್ತು. ಸುಶ್ಮಿತಾ ಸೆರಗು ಬಾಯಿಗೆ ಒತ್ತಿಕೊಂಡಳು.

“ನಗ್ಬೇಡ್ವೇ” ಎಂದ ಚಂದ್ರು, ತಾನೂ ನಗು ತಡೆಯಲಾರದೆ. ಆಮೇಲೆ ದನಿ ಇಳಿಸಿ, “ಅಲ್ಲ ಮಾವ, ಊರ ಜನ ಏನಂತಾರೆ?”

“ಊರ ಜನ ಅಂದ್ರೆ ಯಾರೋ? ನಾನೇ ಅಲ್ವೇನೋ? ಚೌಕದಲ್ಲಿ ಕೂತು ಇನ್ನೊಬ್ಬರ ಮನೆ ಮಾತಾಡೋನು ಈ ಊರಲ್ಲಿ ನನ್ನ ಬಿಟ್ರೆ ಯಾರಿದಾರೆ? ನಾನು ಏನೂ ಅನ್ನಲ್ಲ ಮಾರಾಯ, ಬರ್ಕೊಡು.”

ಚಂದ್ರು ಗದ್ದೆಯ ಕಡೆ ತಿರುಗಿ ನೋಡಿದ. ಗೇಣು ಗೇಣಿಗೆ ಒಂದೊಂದು ಕಡ್ಡಿ, ದಾರ ಹಿಡಿದಂತೆ. ಇದನ್ನು ಅವನು ಚಿಕ್ಕಂದಿನಿಂದ ಉಂಡಿದ್ದ, ನಿಂತು ನೋಡಿರಲಿಲ್ಲ. “ಬೇರೆ ಬರೀರಿ ಸಾರ್” ಎಂದ. “ಅಮ್ಮಂದು ಮೊದಲು ಹಾಕಿ, ಆಮೇಲೆ ನಂದು.”

“ನಂದು?” ಎಂದಳು ಸುಶ್ಮಿತಾ.

“ನಿನಗೆ ಸೀರೆ ತಂದಿದ್ನಲ್ಲೇ!”

“ಸೀರೆ ಚೆನ್ನಾಗಿದೆ ಅಣ್ಣ, ಉಡ್ತೀನಿ. ಹೆಸರೂ ಹಾಕ್ಸು.”

ಬಂಗಾರಮ್ಮ ಗದ್ದೆಗೆ ಇಳಿದಳು. ಬಗ್ಗಿ, ಯಾರದೋ ಕಾಲು ತಾಗಿ ಓರೆಯಾಗಿದ್ದ ಸಸಿಯೊಂದನ್ನು ನೆಟ್ಟಗೆ ಮಾಡಿದಳು. ಕಣ್ಣೊರೆಸಿಕೊಂಡಿದ್ದು ಕೆಸರಿನ ಕೈಯಲ್ಲಿ, ಹಾಗಾಗಿ ಕೆನ್ನೆಯ ಮೇಲೆ ಗೀರು ಎಲ್ಲರಿಗೂ ಕಂಡಿತು.

ಎರಡು ತಿಂಗಳಿಗೆ ಪಹಣಿ ಬಂತು. ಬಂಗಾರಮ್ಮ ಕೋಂ ಜಯಪ್ಪ, ಕೆಳಗೆ ಮಗ, ಅದರ ಕೆಳಗೆ ಮಗಳು. ಮಗನ ಮಾನ ಎಲ್ಲಿಯೂ ಹೋಗಲಿಲ್ಲ. ಚೌಕದಲ್ಲಿ ಟೀ ಸಿಗುತ್ತಲೇ ಇದೆ.

ಇವಳಿಗೆ ಓಂಕಾರಪ್ಪನಂಥ ಬಾಯಿಬಡುಕ ನೆರೆಯವನಿದ್ದ, ಮಾತು ಕೇಳುವ ಮಗನಿದ್ದ. ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ ಓದುತ್ತಿರುವವರೇ, ಈಗ ನಿಮ್ಮ ಮಾತಿಗೆ ಬನ್ನಿ. ನಿಮ್ಮ ಮನೆಗೂ ಎಲ್ಲೋ ಒಂದು ಸರ್ವೆ ನಂಬರ್ ಇದ್ದೀತು. ಪಹಣಿ ಈಗ ಫೋನಿನಲ್ಲೇ ಸಿಗುತ್ತದೆ, ತೆಗೆಯಿರಿ. ಅದರಲ್ಲಿರುವ ಹೆಸರುಗಳನ್ನು ಅಡುಗೆಮನೆಗೂ ಕೊಟ್ಟಿಗೆಗೂ ಕೇಳುವಂತೆ ಗಟ್ಟಿಯಾಗಿ ಓದಿ. ಬೆನ್ನು ಬಗ್ಗಿಸಿದವಳ ಹೆಸರು ಅದರಲ್ಲಿ ಇಲ್ಲದಿದ್ದರೆ ಅರ್ಜಿ ಬರೆಯಿರಿ. ಅಪ್ಪ ಸಾಯುವ ತನಕ ಕಾಯಬೇಡಿ, ಅವನು ಇರುವಾಗಲೇ ಅವನ ಕೈಯಿಂದಲೇ ಸಹಿ ಹಾಕಿಸಿ.