ತಿಮ್ಮಕ್ಕನ ಬಲಗೈ ಮತ್ತು ಬೀಜದ ಕಂಪನಿ

ನನ್ನ ದೊಡ್ಡಮ್ಮ ತಿಮ್ಮಕ್ಕನ ಬಲಗೈ ಅಜ್ಜಂಪುರದ ಆಚೆಗಿರುವ ನಮ್ಮೂರಿನ ಸಾರ್ವಜನಿಕ ಆಸ್ತಿಯಾಗಿತ್ತು. ಯಾರೇ ಈರುಳ್ಳಿ ಹಾಕಲಿ, ಬೀಜ ಅವಳೇ ತರಬೇಕು, ಹೊಲಕ್ಕೆ ಮೊದಲ ಹಿಡಿ ಅವಳೇ ಚೆಲ್ಲಬೇಕು. ಅಷ್ಟು ಒಳ್ಳೆಯ ಕೈಗುಣ. ಮುಂಗಾರಿಗೆ ಮುಂಚೆ ಜನ ದುಡ್ಡು ತಂದು ಅವಳ ಮಡಿಲಿಗೆ ಹಾಕುತ್ತಿದ್ದರು. ಅವಳು ಬಸ್ಸು ಹತ್ತಿ ಪೇಟೆಗೆ ಹೋಗಿ ಊರಿಗೆಲ್ಲ ಬೀಜ ತರುತ್ತಿದ್ದಳು.

ನನ್ನ ಕೈಗುಣದ ಮಾತು ಬೇಡ. ತರೀಕೆರೆಯಲ್ಲಿ ಕಾಮರ್ಸ್ ಪಾಠ ಹೇಳುವ ನನ್ನ ಮನೆಯಲ್ಲಿ ಪ್ಲಾಸ್ಟಿಕ್ ಗಿಡವೂ ಸೊರಗಿದೆ. ಬಿತ್ತನೆಯ ದಿನ ದೊಡ್ಡಮ್ಮ ನನ್ನನ್ನು ಬದುವಿನ ಆಚೆಗೇ ತಡೆಯುತ್ತಿದ್ದಳು. "ನೀನು ಅಲ್ಲೇ ಇರಪ್ಪ, ಓದಿರೋನು." ಅದು ಗೌರವ ಎಂದು ನಾನು ಬಹಳ ಕಾಲ ನಂಬಿದ್ದೆ.

ಮೂರು ಮುಂಗಾರಿನ ಹಿಂದೆ ಒಂದು ದೊಡ್ಡ ಕಂಪನಿಯ ಹೊಸ ಬೀಜ ಬಂತು. ದೊಡ್ಡಮ್ಮ ಎಂದಿನಂತೆ ತಂದಳು, ಎಂದಿನಂತೆ ಮೊದಲ ಹಿಡಿ ಚೆಲ್ಲಿದಳು. ಪೈರು ಎದ್ದಿದ್ದೇನೋ ಚೆನ್ನಾಗಿಯೇ. ಆಮೇಲೆ ಗೆಡ್ಡೆ ಕಟ್ಟುವ ಬದಲು ಹೂವಿನ ಕಡ್ಡಿ ಬಂತು. ಇಡೀ ಬಯಲಿಗೆ ಬಿಳಿ ಹೂವು. ಕೆಮ್ಮಣ್ಣುಗುಂಡಿ ನೋಡಿಕೊಂಡು ದಾರಿ ತಪ್ಪಿ ಬಂದ ಕಾರಿನವರು ಇಳಿದು ಫೋಟೋ ತೆಗೆಸಿಕೊಂಡರು. "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ಕೇಳಿದವರಿಗೆ ಪಕ್ಕದ ಹೊಲದ ರೇವಣಪ್ಪ, "ಚೆನ್ನಾಗೈತೆ ಸ್ವಾಮಿ, ಕಿತ್ಕಂಡ್ ಹೋಗಿ, ತಲೆಗೆ ಮುಡ್ಕಳ್ಳಿ" ಎಂದ.

ಕೃಷಿ ವಿಜ್ಞಾನಿಗಳು ಬಂದು ನೋಡಿ, ಬೀಜವೇ ಕೆಟ್ಟದ್ದು ಎಂದು ಬರೆದುಕೊಟ್ಟರು. ಕಡೂರಿನ ವಕೀಲ ತೀರ್ಥೇಶ್ ಎಲ್ಲರನ್ನೂ ಸೇರಿಸಿ, ಚಿಕ್ಕಮಗಳೂರಿನ ಗ್ರಾಹಕರ ಆಯೋಗದಲ್ಲಿ ಕಂಪನಿಯ ಮೇಲೆ ಒಂದೇ ದೂರು ಹಾಕಿದ. "ಫಾರಿನ್ನಲ್ಲಿ ಇದನ್ನ ಕ್ಲಾಸ್ ಆಕ್ಷನ್ ಅಂತಾರೆ. ಒಬ್ರಿಗಲ್ಲ, ಇಡೀ ಊರಿಗೇ ನ್ಯಾಯ" ಎಂದು ನಮಗೆ ಕಾಫಿ ಕುಡಿಸಿದ. ವಕೀಲರೇ ಕಾಫಿ ಕುಡಿಸಿದ್ದನ್ನು ನೋಡಿ ಕೇಸು ಗೆದ್ದೇ ಬಿಟ್ಟೆವೆಂದು ರೇವಣಪ್ಪ ಊರಿಗೆ ಫೋನ್ ಮಾಡಿದ.

ಕಂಪನಿಯ ವಕೀಲರು ಎದ್ದು ಕೇಳಿದ್ದು ಒಂದೇ ಮಾತು. ಬಿಲ್ ಇರೋದು ಒಂದೇ, ಅದರಲ್ಲಿರೋದು ತಿಮ್ಮಕ್ಕ ಅನ್ನೋ ಒಂದೇ ಹೆಸರು. ಮಿಕ್ಕವರು ನಮ್ಮ ಗ್ರಾಹಕರು ಹೇಗಾದಾರು? ಈಯಮ್ಮ ಲೈಸೆನ್ಸ್ ಇಲ್ಲದೆ ಬೀಜದ ವ್ಯಾಪಾರ ಮಾಡಿದ್ದಾರೆ. ತೀರ್ಥೇಶ್ ಕೈಗುಣ ಎಂದರೇನು ಎಂದು ವಿವರಿಸಲು ಹೋಗಿ ಬೆವೆತ. ಅದಕ್ಕೆ ಕಾನೂನಿನಲ್ಲಿ ಕಲಂ ಇರಲಿಲ್ಲ.

ಕೇಸು ಎಳೆದಾಡಿತು; ನಡುವಿನ ಮುಂಗಾರುಗಳಲ್ಲೂ ಊರಿಗೆ ಬೀಜ ತಂದವಳು ದೊಡ್ಡಮ್ಮನೇ. ಕೊನೆಗೆ ಕಂಪನಿಯೇ ರಾಜಿಗೆ ಬಂತು: ಎಕರೆಗಿಷ್ಟು ಅಂತ ಎಲ್ಲರಿಗೂ ಪರಿಹಾರ. ಬಿಲ್ಲು ದೊಡ್ಡಮ್ಮನ ಹೆಸರಿನಲ್ಲಿದ್ದುದರಿಂದ ಅವಳ ರುಜು ಬೀಳದೆ ಯಾರಿಗೂ ಇಲ್ಲ. ರಾಜಿ ಪತ್ರ ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ನನ್ನನ್ನು ತೀರ್ಥೇಶನ ಆಫೀಸಿಗೆ ಕರೆಸಿದರು. ಒಂದು ವಾಕ್ಯಕ್ಕೆ ಬಂದಾಗ ಸುಮ್ಮನೆ ಕೆಮ್ಮಿ ದಾಟಿಸಲು ನೋಡಿದೆ.

"ಅದೇನು ಕೆಮ್ಮಿದ್ದು, ಅದನ್ನ ಓದು" ಎಂದಳು ದೊಡ್ಡಮ್ಮ.

ಓದಿದೆ. ಬೀಜದಲ್ಲಿ ಯಾವ ದೋಷವೂ ಇರಲಿಲ್ಲ, ಬಿತ್ತಿದ ಕ್ರಮದಿಂದ ನಷ್ಟವಾಗಿದ್ದಿರಬಹುದು ಎಂದು ದೂರುದಾರರಾದ ನಾವು ಒಪ್ಪುತ್ತೇವೆ.

"ಬೀಜ ಸರಿ ಇತ್ತು ಅಂದ್ರೆ, ಕೆಟ್ಟಿದ್ದು ನನ್ನ ಕೈ ಅಂತ್ಲಾ?"

"ಇದು ಬರೀ ಭಾಷೆ ಅಮ್ಮ. ಎಲ್ಲಾ ಕಂಪನಿನೂ ಹಿಂಗೇ ಬರೆಸ್ಕಳೋದು" ಎಂದ ತೀರ್ಥೇಶ್.

"ಬರೀ ಭಾಷೆ ಆದ್ರೆ ಅವರೇ ಹಾಕ್ಲಿ, ನಮ್ ಬೀಜ ಕೆಟ್ಟಿತ್ತು ಅಂತ."

ತೀರ್ಥೇಶ್ ನನ್ನ ಮುಖ ನೋಡಿದ. ನಾನು ಫ್ಯಾನಿನ ಮುಖ ನೋಡಿದೆ.

ಅಂದಿನಿಂದ ಊರು ಅವಳ ಜಗಲಿಗೆ ಬಂದು ಕೂತಿತು. ರೇವಣಪ್ಪನಿಗೆ ಟ್ರ್ಯಾಕ್ಟರಿನ ಚಿಂತೆ. "ಕಂಪನಿ ಮನಸ್ಸು ಬದಲಾಯಿಸಿದ್ರೆ ಏನ್ ಮಾಡ್ತೀಯ ಅತ್ತೆ? ನಿನ್ ಕೈನ ಫೋಟೋ ಹಾಕ್ಸಿ ಪೂಜೆ ಮಾಡಾಣ, ಈಗ ಒಂದ್ ಸೈನ್ ಹಾಕು" ಎಂದ. ಅವಳು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ನಾನೂ ಕಾನೂನು, ವ್ಯವಹಾರ ಎಂದು ಒಂದು ಪೀರಿಯಡ್ ಪಾಠ ಮಾಡಿದೆ. ನನ್ನ ವಿದ್ಯಾರ್ಥಿಗಳ ಹಾಗೆಯೇ ಅವಳೂ ಕಿಟಕಿಯಾಚೆ ನೋಡುತ್ತಿದ್ದಳು.

ಅವಳ ಮನಸ್ಸು ತಿರುಗಿಸಿದ್ದು ಲಿಂಗಮ್ಮ. ಗಂಡ ತೀರಿಹೋದ ಮೇಲೆ ಒಬ್ಬಳೇ ಹೊಲ ಮಾಡುವ ಹೆಂಗಸು. ಬಂದು ಕಂಬಕ್ಕೆ ಒರಗಿ ಕೂತಳು, ರುಜುವಿನ ಮಾತೇ ಎತ್ತಲಿಲ್ಲ.

"ಸುಮ್ನೆ ಬಂದೆ ಕಣಕ್ಕ. ನಿನ್ ಕೈ ಮೇಲೆ ನಂಗೆ ಅನುಮಾನ ಇಲ್ಲ. ಯಾರ್ ಏನಾದ್ರೂ ಬರ್ಕಳ್ಲಿ. ಮುಂದಿನ ಸಲಾನೂ ನಂಗೆ ನೀನೇ ಬೀಜ ತಂದ್ಕೊಡ್ಬೇಕು."

"ನಿಜ ಹೇಳ್ತೀಯೇನೆ?"

"ನಿನ್ ಮುಂದೆ ಸುಳ್ಳು ಹೇಳ್ತೀನಾ?"

ಮರುದಿನ ನಾವು ಕಡೂರಿಗೆ ಹೋದೆವು. ದೊಡ್ಡಮ್ಮನಿಗೆ ರುಜು ಹಾಕಲು ಬರುತ್ತದೆ, ಅದರ ಬಗ್ಗೆ ಅವಳಿಗೆ ಜಂಬವೂ ಇದೆ. ಆದರೆ ತೀರ್ಥೇಶ್ ಕೊಟ್ಟ ಪೆನ್ನನ್ನು ಪಕ್ಕಕ್ಕಿಟ್ಟು, "ಇಂಕು ಕೊಡಪ್ಪ" ಎಂದಳು. ಎಡಗೈ ಹೆಬ್ಬೆಟ್ಟು ಒತ್ತಿದಳು. ಬಲಗೈ ಅಷ್ಟು ಹೊತ್ತೂ ಸೆರಗಿನೊಳಗೇ ಇತ್ತು.

ಪರಿಹಾರ ಬಂತು. ರೇವಣಪ್ಪನ ಟ್ರ್ಯಾಕ್ಟರಿಗೆ ಹೊಸ ಟೈರು ಬಂತು. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಸಿಕ್ಕಾಗ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿಸಿದರು. ಆ ಹೆಚ್ಚಿನ ಮರ್ಯಾದೆ ನನಗೇ ಹಿಡಿಸಲಿಲ್ಲ, ಅವಳಿಗೆ ಹೇಗೆ ಹಿಡಿಸೀತು?

ಈ ಸಲ ಮುಂಗಾರಿಗೆ ಮುಂಚೆ ನಾನು ಊರಿಗೆ ಹೋಗಿದ್ದೆ. ದೊಡ್ಡಮ್ಮ ಬೆಳಿಗ್ಗೆಯೇ ಮಿಂದು, ಪೇಟೆಗೆ ಉಡುವ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ಮಧ್ಯಾಹ್ನದ ಬಸ್ಸಿನಿಂದ ಲಿಂಗಮ್ಮ ಇಳಿದಳು. ಕಂಕುಳಲ್ಲಿ ಚೀಲ, ಅದರ ಮೇಲೆ ಸೆರಗು. ನಮ್ಮನ್ನು ಕಂಡು ನಡಿಗೆ ನಿಧಾನವಾಯಿತು.

"ಬೀಜ ತಂದ್ಯೇನೆ?" ಎಂದಳು ದೊಡ್ಡಮ್ಮ.

"ಹೂಂ ಕಣಕ್ಕ. ಪೇಟೇಲಿ ಬೇರೆ ಕೆಲಸ ಇತ್ತು, ಹಂಗೇ..."

"ಬಿಲ್ ಇಸ್ಕಂಡ್ಯಾ?"

"ಇಸ್ಕಂಡೆ."

"ನಿನ್ ಹೆಸರಲ್ಲೇ ತಾನೆ?"

"ಹೂಂ."

"ಒಳ್ಳೇದಾಯ್ತು ಬಿಡು" ಎಂದು ದೊಡ್ಡಮ್ಮ ಸೀರೆ ಬದಲಾಯಿಸಲು ಒಳಗೆ ಹೋದಳು.