ಅಪ್ಪ ಕೂತ ಜಾಗ

ಅವ್ವನ ಹೃದಯದ ಕವಾಟವೊಂದು ಸರಿಯಾಗಿ ತೆರೆದುಕೊಳ್ಳುತ್ತಿಲ್ಲ ಎಂದು ನಾಶಿಕದ ಡಾಕ್ಟರರು ಹೇಳಿದಾಗ ಮೊದಲು ಎದೆ ಹಿಡಿದುಕೊಂಡವನು ನಾನು. ಅವರು ಕಾಗದದ ಮೇಲೆ ಬಾಗಿಲಿನಂಥ ಚಿತ್ರ ಬಿಡಿಸಿ, ಬೇಗ ಆಪರೇಷನ್ ಮಾಡಿಸಿದರೆ ಒಳ್ಳೆಯದು, ತಡ ಮಾಡಿದರೆ ಯಾವಾಗ ಏನಾಗುತ್ತದೋ ಹೇಳಲಾಗದು ಎಂದರು. ಯಾವಾಗ ಏನಾಗುತ್ತದೋ ಎಂಬ ಮಾತು ನನಗೆ ಹೊಸದಲ್ಲ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ನೋಡಲು ಬಸ್ ಸ್ಟಾಪಿನಿಂದ ಮನೆಗೆ ಮರಳಿ, ಅಂಬಡದ ಕಾರ್ಖಾನೆಗೆ ತಡವಾಗಿ ಹೋಗಿ ಬೈಸಿಕೊಳ್ಳುವ ಲೆಕ್ಕದ ಗುಮಾಸ್ತ ನಾನು. ಆದರೆ ಅದೇ ಮಾತನ್ನು ಬಿಳಿ ಕೋಟು ಹಾಕಿದವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅವ್ವ ಚಿತ್ರವನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು. "ಆಪರೇಷನ್ನಿನಾಗ ಸತ್ತರ ನನ್ನ ಎಲ್ಲಿ ಕೂಡಸ್ತಿ?"

ಅವಳು ಕನ್ನಡದಲ್ಲಿ ಕೇಳಿದ್ದು ಪುಣ್ಯ. ನೋವಿನ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದ ಡಾಕ್ಟರರು ಮರಾಠಿಯಲ್ಲಿ, "ಏನೂ ಆಗೋದಿಲ್ಲ, ಆಜಿ" ಎಂದು ನಕ್ಕರು.

ನಾವು ಬೀದರ ಕಡೆಯ ಲಿಂಗಾಯತರು. ಸತ್ತವರನ್ನು ನಾವು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಗುಂಡಿಯ ಗೋಡೆಯೊಳಗೆ ಒಂದು ಗೂಡು ಕೊರೆದು, ಕಾಲು ಮಡಚಿ, ಎಡಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ ಕೂಡಿಸುತ್ತೇವೆ. ನಾಶಿಕದಲ್ಲೂ ನಮ್ಮವರಿಗೆ ಒಂದು ಜಾಗವಿದೆ. ಅದನ್ನು ಹೇಳಿದರೆ ಅವ್ವ ಮುಖ ಗಂಟು ಹಾಕಿದಳು.

"ಅಲ್ಲಿ ಕುಂತವರು ಯಾರೂ ನನಗ ಗುರ್ತಿಲ್ಲ. ಗುರ್ತಿಲ್ಲದ ಮಂದಿ ನಡುವ ಎಷ್ಟೊತ್ತಂತ ಕುಂದರಲಿ? ಮೊದಲ ನಿಮ್ಮಪ್ಪನ ಬಾಜೂಕ ಜಾಗ ತೋರಸು. ಆಮ್ಯಾಲ ನೀ ಹೇಳಿದ ಟೇಬಲ್ ಮ್ಯಾಲ ಮಲಗ್ತೀನಿ."

ತೊಂದರೆ ಏನೆಂದರೆ, ಅಪ್ಪ ಎಲ್ಲಿ ಕೂತಿದ್ದಾನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಪ್ಪನಿಗೆ ಕನ್ನಡ ಎಂಬ ತಾಲೂಕು ಊರಿನಲ್ಲಿ ಬಟ್ಟೆ ಅಂಗಡಿ ಇತ್ತು. ಜಿಲ್ಲಾ ಕೇಂದ್ರವಾದ ಸಂಭಾಜಿನಗರದಿಂದ ಘಾಟಿನ ಕಡೆ ಹೋಗುವ ದಾರಿಯಲ್ಲಿದೆ. ಹೆಸರು ಅದಾದರೂ ಅಲ್ಲಿ ಕನ್ನಡ ಮಾತಾಡುತ್ತಿದ್ದದ್ದು ನಮ್ಮ ಮನೆ ಒಂದೇ. ಅಜ್ಜ ಊರಾಚೆ ಹೊಲ ಕೊಂಡು, ಅದರ ಒಂದು ಮೂಲೆಯನ್ನು ಮನೆತನದ ಸಮಾಧಿಗೆಂದು ಬಿಟ್ಟಿದ್ದರಂತೆ. ಅಜ್ಜ ಬೀದರ ಕಡೆ ಹೋದಾಗ ಅಲ್ಲೇ ತೀರಿಕೊಂಡರು, ಹಾಗಾಗಿ ಆ ಮೂಲೆಯಲ್ಲಿ ಕೂತವನು ಅಪ್ಪ ಒಬ್ಬನೇ. ಅಪ್ಪ ತೀರಿಕೊಂಡಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ದಿನಕರ್ಮ ಮುಗಿದ ಕೂಡಲೇ ಮಾವ ಬಂದು ನಮ್ಮನ್ನು ನಾಶಿಕಕ್ಕೆ ಕರೆತಂದ. ಮುಂದೆ ಅಪ್ಪನ ತಮ್ಮ ಕಾಕಾ ಹೊಲ ಮಾರಿದ, ಆಮೇಲೆ ಅವನೂ ತೀರಿಕೊಂಡ. ಆ ಮೂಲೆಯನ್ನು ಉಳಿಸಿಕೊಂಡು ಮಾರಿದನೋ, ಅಪ್ಪನ ಸಮೇತ ಮಾರಿದನೋ ಹೇಳುವವರಿರಲಿಲ್ಲ. ಅವ್ವನಿಗೆ ನೆನಪಿದ್ದದ್ದು ಒಂದು ಹಳ್ಳ, ಒಂದು ಬೇವಿನ ಮರ, ಬಲಕ್ಕೆ ಗುಡ್ಡ. ಮರಾಠವಾಡದಲ್ಲಿ ಇಷ್ಟು ಗುರುತಿಟ್ಟುಕೊಂಡು ಹೊರಟರೆ ಯಾರ ಹೊಲಕ್ಕೆ ಬೇಕಾದರೂ ಹೋಗಿ ನಿಲ್ಲಬಹುದು.

ಕಾಕಾನ ಮನೆಯಲ್ಲಿ ಹಳೆಯ ಖರೀದಿಪತ್ರದ ನಕಲು ಸಿಕ್ಕಿತು. ಅದರಲ್ಲಿದ್ದ ಸರ್ವೆ ನಂಬರು, ಅಜ್ಜನ ಹೆಸರು ಬರೆದುಕೊಂಡು, ರಜೆ ಹಾಕಿ, ಕನ್ನಡ ಊರಿನ ತಲಾಠಿ ಆಫೀಸಿಗೆ ಹೋದೆ. ತಲಾಠಿ ಎಂದರೆ ನಮ್ಮ ಕಡೆಯ ಗ್ರಾಮಲೆಕ್ಕಿಗ. ಆತ ಚೀಟಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿ, "ಈ ನಂಬರು ಸತ್ತು ಯಾವ ಕಾಲವಾಯ್ತು" ಎಂದ. ಹೊಲಗಳನ್ನು ಒಟ್ಟುಗೂಡಿಸಿ ಎಲ್ಲಕ್ಕೂ ಹೊಸದಾಗಿ ಗಟ್ ನಂಬರು ಕೊಟ್ಟಿದ್ದಾರೆ. ಹಳೆಯದು ಯಾವ ಹೊಸದರೊಳಗೆ ಸೇರಿತೆಂದು ಸಂಭಾಜಿನಗರದ ಭೂ ದಾಖಲೆ ಕಚೇರಿಯಲ್ಲಿ ನೋಡಬೇಕು. "ಜಮೀನು ವಾಪಸು ಬೇಕಾ?" ಎಂದೂ ಕೇಳಿದ. ಪಕ್ಕದ ಬೆಂಚಿನಲ್ಲಿ ಕೂತಿದ್ದ ರೈತರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. "ಇಲ್ಲ, ಇಲ್ಲ, ಸುಮ್ಮನೆ" ಎಂದೆ. ಅಷ್ಟು ದೂರದಿಂದ ಸುಮ್ಮನೆ ಯಾರು ಬರುತ್ತಾರೆ? ಆಚೆ ಬಂದು ಬಸ್ಸು ಹಿಡಿಯುವವರೆಗೂ ಯಾರೋ ಬೆನ್ನ ಹಿಂದೆ ಬರುತ್ತಿದ್ದಾರೆ ಅನಿಸುತ್ತಿತ್ತು.

ಮುಂದಿನ ವಾರ ಮನ್ಮಾಡ್ ಮೂಲಕ ಹೋಗುವ ರೈಲಿನಲ್ಲಿ ಸಂಭಾಜಿನಗರಕ್ಕೆ ಹೋದೆ. ಅಷ್ಟರಲ್ಲಿ ಅವ್ವ ದೇವರ ಮನೆಯಿಂದ ಅಡುಗೆ ಮನೆಗೆ ಬರುವಷ್ಟರಲ್ಲೇ ಗೋಡೆ ಹಿಡಿದು ನಿಲ್ಲತೊಡಗಿದ್ದಳು. ದಾರಿಯುದ್ದಕ್ಕೂ ಫೋನು ಕೈಯಲ್ಲೇ ಇತ್ತು. ಅದು ರಿಂಗಾದರೂ ಭಯ, ರಿಂಗಾಗದಿದ್ದರೂ ಭಯ.

ಆ ಭಾಗದ ಹಳೆಯ ಕಾಗದಗಳು ನಿಜಾಮನ ಕಾಲದವು, ಉರ್ದುವಿನಲ್ಲಿವೆ. ಕಚೇರಿಯಲ್ಲಿ ಓದಬಲ್ಲ ಒಬ್ಬ ವಯಸ್ಸಾದ ಗುಮಾಸ್ತರಿದ್ದರು. ಬೆರಳನ್ನು ಬಲದಿಂದ ಎಡಕ್ಕೆ ಓಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿ, ನನ್ನ ಹಣೆಯ ವಿಭೂತಿ ನೋಡಿ, ಮತ್ತೆ ಕಾಗದ ನೋಡಿದರು.

"ಹೆಸರು ನಿಮ್ಮ ಅಜ್ಜನದೇ. ಆದರೆ ಈ ಮೂಲೆಗೆ ಕಬರಸ್ತಾನ ಅಂತ ಬರೆದಿದ್ದಾರಲ್ಲ!"

ಅವರ ದನಿ ದೊಡ್ಡದು. ಸಾಲಿನಲ್ಲಿ ನಿಂತವರ ಕತ್ತುಗಳು ತಿರುಗಿದವು. ಕಬರಸ್ತಾನವೆಂದರೆ ಮುಸಲ್ಮಾನರ ಸ್ಮಶಾನ. ಅಂದಿನ ಬರಹಗಾರನಿಗೆ ಹೂಳುವ ಜಾಗಕ್ಕೆ ಗೊತ್ತಿದ್ದ ಶಬ್ದ ಅದೊಂದೇ, ಬರೆದ, ಅಷ್ಟೆ. ಆದರೆ ಈ ದಿನಗಳಲ್ಲಿ ಅಂಥ ಒಂದು ಶಬ್ದ ಯಾರದೋ ಮೊಬೈಲಿಗೆ ಹತ್ತಿಬಿಟ್ಟರೆ ಸಂಜೆಯೊಳಗೆ ಅಪ್ಪನ ಮೂಲೆಯಲ್ಲಿ ಎರಡು ಗುಂಪು, ನಡುವೆ ಪೊಲೀಸ್ ವ್ಯಾನು, ಟಿವಿಯಲ್ಲಿ ನನ್ನ ಮುಖ. ಎಲ್ಲವನ್ನೂ ನಾನು ನಿಂತಲ್ಲೇ ನೋಡಿ ಮುಗಿಸಿದೆ.

"ಸಾಹೇಬ್, ಜರಾ ಸಾವಕಾಶ ಮಾತಾಡ್ರಿ" ಎಂದು ಕೈ ಮುಗಿದು, ನಮ್ಮ ಪದ್ಧತಿಯನ್ನು ಪಿಸುಮಾತಿನಲ್ಲಿ ವಿವರಿಸಿದೆ.

"ಕೂತುಕೊಂಡೇ?" ಅವರಿಗೆ ಆಶ್ಚರ್ಯ. "ಕಯಾಮತ್‌ವರೆಗೂ, ಲೋಕ ಮುಗಿಯುವ ದಿನದವರೆಗೂ? ಮಂಡಿ ನೋಯೋದಿಲ್ಲವೇ?"

"ಇದುವರೆಗೆ ಯಾರೂ ತಕರಾರು ಮಾಡಿಲ್ಲ, ಸಾಹೇಬ್."

ಅವರು ನಕ್ಕರು. ಹೊಸ ಗಟ್ ನಂಬರು ಹುಡುಕಿ ಬರೆದುಕೊಟ್ಟರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ನಂಬರಿನ ಸಾತಬಾರಾ, ಅಂದರೆ ನಮ್ಮ ಪಹಣಿ, ತೆಗೆದು ನೋಡಿದೆ. ಇಡೀ ಜಮೀನು ಒಬ್ಬ ರೈತನ ಹೆಸರಿನಲ್ಲಿತ್ತು. ಬೆಳೆ ಶುಂಠಿ, ಮೆಕ್ಕೆಜೋಳ. ಸಮಾಧಿಯ ಸುದ್ದಿ ಎಲ್ಲೂ ಇರಲಿಲ್ಲ. ಕಾಕಾ ಅಪ್ಪನ ಸಮೇತ ಮಾರಿದ್ದ.

ಒಬ್ಬನೇ ಹೋಗಿ ನೋಡಿಬರುತ್ತೇನೆ ಎಂದರೆ ಅವ್ವ ಕೇಳಲಿಲ್ಲ. ಡಾಕ್ಟರರು ದೂರದ ಪ್ರಯಾಣ ಬೇಡವೆಂದಿದ್ದರು. "ಅವರಿಗೆ ನೀ ಯಾಕ ಹೇಳಲಿಕ್ಕ ಹೋಗ್ತಿ?" ಎಂದು ಗುಳಿಗೆ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಶನಿವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ನನಗಿಂತ ಮೊದಲು ಕೂತಳು. ಯೇವಲಾ ದಾಟುವವರೆಗೂ ನಾನು ದಾರಿಯ ಆಸ್ಪತ್ರೆಗಳ ಬೋರ್ಡು ನೋಡುತ್ತಿದ್ದೆ. ಆಮೇಲೆ ಬೋರ್ಡುಗಳೂ ಕಡಿಮೆಯಾದವು.

ಫೋನಿನ ನಕಾಶೆ ಹಿಡಿದು ಹೊಲದ ದಾರಿಗೆ ಇಳಿದಾಗ ಹಳ್ಳ ಕಂಡಿತು. ಬೇವಿನ ಮರವಿರಲಿಲ್ಲ. ಅದರ ಜಾಗದಲ್ಲಿ ತಗಡಿನ ಮಾಡು, ಕೆಳಗೆ ಸಿಮೆಂಟಿನ ಕಟ್ಟೆ, ಮೇಲೆ ಭಗವಾ ಧ್ವಜ, ಸುತ್ತ ಒಡೆದ ತೆಂಗಿನ ಚಿಪ್ಪು. ಪಕ್ಕದ ಮನೆಯಿಂದ ನಾಯಿ ಬೊಗಳಿತು. ಅದರ ಹಿಂದೆ ಒಬ್ಬ ಗಂಡಸು ಬಂದ, ಕೈಯಲ್ಲಿ ಕುಡುಗೋಲು. ಮೇವು ಕೊಯ್ಯುತ್ತಿದ್ದವನು ಕೈಯಲ್ಲಿ ಇನ್ನೇನು ಹಿಡಿದಿರುತ್ತಾನೆ? ಆದರೆ ನನಗೆ ಆತ ಕಾಣಲೇ ಇಲ್ಲ, ಕುಡುಗೋಲಷ್ಟೇ ಕಂಡಿತು.

"ತಲಾಠಿ ಆಫೀಸಿನಲ್ಲಿ ನಮ್ಮ ಹೊಲದ ಬಗ್ಗೆ ಕೇಳುತ್ತಿದ್ದವರು ನೀವೇನಾ?" ಎಂದ ಮರಾಠಿಯಲ್ಲಿ.

ನಾನು ಕಾರಿನ ಕಡೆ ಒಂದು ಹೆಜ್ಜೆ ಹಿಂದೆ ಸರಿದೆ. ಆತನ ಹೆಂಡತಿ ಹಿಂದಿನಿಂದ ಬಂದು ಅವ್ವನನ್ನು ನೋಡಿದಳು. ಅವ್ವ ಕಾರಿನ ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದಳು. "ವಯಸ್ಸಾದವರನ್ನು ಬಿಸಿಲಲ್ಲಿ ನಿಲ್ಲಿಸಿ ಏನು ವಿಚಾರಣೆ?" ಎಂದು ಗಂಡನನ್ನು ಗದರಿಸಿ, ಕೈ ಹಿಡಿದು ಮಾಡಿನ ನೆರಳಿಗೆ ಕರೆದುಕೊಂಡು ಹೋದಳು. "ಬಸಾ ಆಯಿ, ಬಾಬಾನ ಹತ್ತಿರ ಕೂತುಕೊಳ್ಳಿ. ದರ್ಶನಕ್ಕೆ ಬಂದಿರಾ?"

"ಯಾವ ಬಾಬಾ?" ಎಂದಳು ಅವ್ವ.

ಆ ಹೆಣ್ಣುಮಗಳು ಹೇಳಿದ್ದು ಇದು. ಕೆಲವು ವರ್ಷಗಳ ಹಿಂದೆ ಪೈಪಿಗೆಂದು ಜೆಸಿಬಿ ತರಿಸಿ ಅಗೆಸುವಾಗ ಕಲ್ಲುಚಪ್ಪಡಿ ಒಡೆಯಿತು. ಒಳಗೆ ಗೂಡು, ಗೂಡಿನಲ್ಲಿ ಮಡಚಿದ ಕಾಲಿನ ಎಲುಬು, ಬೂದಿ, ಪುಟ್ಟ ಲಿಂಗ. ಜೆಸಿಬಿಯವನು ಚಾವಿ ಅಲ್ಲೇ ಬಿಟ್ಟು ಓಡಿದ. ಕೂತೇ ಪ್ರಾಣ ಬಿಡುವವರು ಮಹಾಪುರುಷರು ಮಾತ್ರ ಎಂದು ಊರಿನ ಹಿರಿಯರೆಲ್ಲ ಹೇಳಿದರು. ಹೆದರಿ ಮತ್ತೆ ಮುಚ್ಚಿ ಕಟ್ಟೆ ಕಟ್ಟಿಸಿದರು. ಈಗ ಸೋಮವಾರ ಜನ ಬರುತ್ತಾರೆ. ಹೊಸ ಶುಂಠಿ ಮೊದಲು ಬಾಬಾನಿಗೆ. "ಬಹಳ ಕಡಕ್ ಬಾಬಾ. ಸುಳ್ಳು ಹೇಳಿದರೆ ನಡೆಯೋದಿಲ್ಲ."

ನಾನು ಕಟ್ಟೆಯ ಕಡೆ ನೋಡಿದೆ. ಅಪ್ಪ. ಗಿರಾಕಿಗಳು ಬಟ್ಟೆಯ ಥಾನು ಬಿಚ್ಚಿಸಿ ಕೊಳ್ಳದೆ ಹೋದರೆ ಅಂಗಡಿಯಿಂದಾಚೆ ಬಂದು ಬೈಯುತ್ತಿದ್ದ ಅಪ್ಪ. ಈಗ ಕಟ್ಟೆಗೆ ಕುಂಕುಮ, ಮೇಲೆ ಚೆಂಡು ಹೂವಿನ ಮಾಲೆ.

ಮೆಲ್ಲಗೆ ಕನ್ನಡದಲ್ಲಿ, "ಅವ್ವಾ, ಏನೂ ಹೇಳಬ್ಯಾಡ. ನಡಿ, ಹೋಗೋಣು" ಎಂದೆ. ದೇವರನ್ನು ಬಟ್ಟೆ ಅಂಗಡಿಯವನೆಂದರೆ ಇವರು ಸುಮ್ಮನಿರುತ್ತಾರೆಯೇ? ಸಿಟ್ಟಿಗೆದ್ದರೆ ಈ ಹೊಲದಿಂದ ರಸ್ತೆಗೆ ಅವ್ವನನ್ನು ನಾನು ಹೇಗೆ ಒಯ್ಯಲಿ? ಕಾರಿನವನು ಬೇರೆ ತಂಬಾಕು ತಿಕ್ಕುತ್ತಾ ಎಲ್ಲೋ ಹೋಗಿದ್ದ.

"ಸುಳ್ಳು ನಡೆಯಂಗಿಲ್ಲಂತ ಅಕಿನೇ ಹೇಳ್ಯಾಳಲ್ಲ" ಎಂದ ಅವ್ವ, ಕಟ್ಟೆಯ ಮೇಲೆ ಕೈಯಿಟ್ಟು, ತನಗೆ ಬರುವ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದಳು: "ಇವರು ನನ್ನ ಯಜಮಾನರು."

ಗಂಡಸಿನ ಮುಖ ಬಿಳಿಚಿತು. ಆಗ ತಿಳಿಯಿತು, ಆತ ನಮ್ಮ ಹೆಸರು ತಲಾಠಿ ಆಫೀಸಿನಲ್ಲಿ ಕೇಳಿದಂದಿನಿಂದ ನನಗಿಂತ ಹೆಚ್ಚು ಹೆದರಿದ್ದ. "ಜಮೀನು ಕೇಳೋಕೆ ಬಂದಿರಾ, ಆಯಿ?" ಎಂದ, ಕುಡುಗೋಲು ಕೆಳಗಿಟ್ಟು.

"ಜಮೀನು ತಗೊಂಡು ನಾನೇನು ಮಾಡಲಿ? ಇವರ ಪಕ್ಕ ಕೂಡೋಕಷ್ಟು ಜಾಗ ಸಾಕು."

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆ ಹೆಣ್ಣುಮಗಳು ತಲೆಯ ಮೇಲೆ ಸೆರಗು ಹೊದ್ದು ಅವ್ವನ ಕಾಲ ಮೇಲೆ ಹಣೆ ಇಟ್ಟಿದ್ದಳು. ಬಾಬಾ ಸಂಸಾರಿಯಾದದ್ದರಿಂದ ಆಕೆಗೆ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಸಾಕ್ಷಾತ್ ಬಾಬಾನ ಹೆಂಡತಿಯೇ ನಡೆದು ಬಂದಿದ್ದಳು. ಆಕೆ ಕೂಗಿ ಕರೆದ ಕೂಡಲೇ ಅಕ್ಕಪಕ್ಕದ ಹೊಲಗಳಿಂದ ಹೆಂಗಸರು ಬಂದರು. ಬಾಬಾನ ಹೆಂಡತಿ ವಿಧವೆ ಹೇಗಾದಾಳು? ಅವ್ವನ ಕಾಲಿಗೆ ನೀರು, ಹಣೆಗೆ ಅರಿಶಿನ, ಮಡಿಲಿಗೆ ತೆಂಗಿನಕಾಯಿ, ಕೈಗೆ ಚಹಾ. ಗಂಡಸು ಪೊರಕೆ ತಂದು ಕಟ್ಟೆಯ ಎಡಗಡೆ ಗುಡಿಸಿದ. "ಇಲ್ಲಿ, ಆಯಿ. ಇಷ್ಟು ಸಾಕಲ್ಲವೇ?" ಎಂದು ಅವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದ.

"ಕಲ್ಲಿನವನಿಗೆ ಇವತ್ತೇ ಹೇಳಿಡಿ" ಎಂದಳು ಹೆಂಡತಿ. ಆಮೇಲೆ ಅವ್ವನ ಕೈ ಹಿಡಿದು ಬಹಳ ಪ್ರೀತಿಯಿಂದ, "ಮಳೆಗಾಲಕ್ಕೆ ಮೊದಲೇ ಬಂದರೆ ಚೆನ್ನ, ಆಯಿ. ಆಮೇಲೆ ಕರಿಮಣ್ಣು, ಅಗೆಯೋದು ಕಷ್ಟ" ಎಂದಳು.

ಅವ್ವ ಚಹಾ ಅರ್ಧಕ್ಕೇ ಬಿಟ್ಟಳು.

ಕಾರು ಡಾಂಬರು ರಸ್ತೆಗೆ ಬಂದ ಮೇಲೆ ನಾನು ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದೆ, ಅವ್ವನ ತುಟಿ ನೀಲಿಯಾಗಿದೆಯೇ ಎಂದು. ವೈಜಾಪುರ ಹತ್ತಿರ ಬಂದಾಗ ಹಿಂದಿನಿಂದ ನನ್ನ ಭುಜ ಹಿಡಿದಳು. ಬೆರಳು ಮಂಜಿನಂತಿದ್ದವು.

"ಡಾಕ್ಟರಗ ಫೋನ್ ಹಚ್ಚು."

"ಎದಿ ನೋಯಲತ್ತದೇನವ್ವ?" ನನ್ನದು ನಿಂತೇ ಹೋಗಿತ್ತು.

"ಎದಿ ಅಲ್ಲೋ. ಆ ಮಂದಿ ನನ್ನ ಅಳತಿ ತಗೊಂಡರು, ನೋಡಿದಿಲ್ಲೋ? ಗೆರಿ ಎಳದು ಹಾದಿ ಕಾಯಲತ್ತಾರ." ಮಡಿಲ ತೆಂಗಿನಕಾಯಿಯನ್ನು ಸೀಟಿನ ಆಚೆ ತುದಿಗೆ ಸರಿಸಿ ಹೇಳಿದಳು, "ನನಗ ಅಂಜಿಕಿ ಬರಲತ್ತದ ತಮ್ಮಾ. ಇಷ್ಟು ಜಲ್ದಿ ಹೋಗಿ ಅಲ್ಲಿ ಕುಂದರೋದು ನನ್ನ ಕಡಿಂದ ಆಗಂಗಿಲ್ಲ."

ನಾನು ಫೋನು ಹಚ್ಚಿದೆ. ಸಿಗ್ನಲ್ ಬಂತು, ಹೋಯಿತು, ಬಂತು. ಕೊನೆಗೆ ಆಸ್ಪತ್ರೆಯ ಸಹಾಯಕ ಎತ್ತಿದ. ಪೇಶಂಟು ಆಪರೇಷನ್ನಿಗೆ ಒಪ್ಪಿದರಾ, ಯಾವತ್ತು ದಾಖಲು ಮಾಡುತ್ತೀರಿ ಎಂದು ಕೇಳುತ್ತಿದ್ದಂತೆ ಅವ್ವ ಹಿಂದಿನಿಂದ ಕೈಚಾಚಿ ಫೋನು ಕಿತ್ತುಕೊಂಡಳು.

"ನಾಳೇನೇ ಬರ್ತೀನಿ" ಎಂದಳು ಮರಾಠಿಯಲ್ಲಿ, ಇಡೀ ವೈಜಾಪುರಕ್ಕೆ ಕೇಳುವಂತೆ.

ನಾಳೆ ಭಾನುವಾರವೆಂದು ಹೇಳುವ ಧೈರ್ಯ ನನಗಾಗಲಿಲ್ಲ.