ಉಳುಕು ತೆಗೆಸಿಕೊಂಡ ಕೈ

ಹಲ್ಲು ಉದುರಬಹುದಿತ್ತು. ತಲೆ ಒಡೆಯಬಹುದಿತ್ತು. ಮಂಡಿ ತಿರುಚಿಕೊಳ್ಳಬಹುದಿತ್ತು, ಯಾರದೋ ಸ್ಕೇಟಿನ ಅಂಚು ಕತ್ತು ಸೀಳಬಹುದಿತ್ತು. ನಲವತ್ತಾರನೇ ವಯಸ್ಸಿನಲ್ಲಿ ಆಫೀಸಿನವರ ಐಸ್ ಹಾಕಿ ತಂಡ ಸೇರುವಾಗ ಇಷ್ಟೆಲ್ಲದಕ್ಕೂ ಚಿಂತೆ ಮಾಡಿ ಮುಗಿಸಿದ್ದೆ. ಕೈಯ ಬಗ್ಗೆ ಮಾತ್ರ ಮಾಡಿರಲಿಲ್ಲ. ದಿಂಬಿನಂಥ ಗ್ಲವ್ ಇತ್ತಲ್ಲ.

ಬಿದ್ದೆ. ಬಲಗೈ ಊರಿ.

ನೋವು ಹೆಬ್ಬೆರಳಿನ ಬುಡದಲ್ಲಿ, ಅಷ್ಟೇನೂ ಇಲ್ಲ. ಎಮರ್ಜೆನ್ಸಿಯಲ್ಲಿ ತೆಗೆದ ಎಕ್ಸ್‌ರೇ ನಾರ್ಮಲ್. ಓಲ್ಡ್ ಬ್ರಿಡ್ಜ್ ಊರಿನ ಮನೆಗೆ ಬಂದರೆ ಹೆಂಡತಿ ವಿಮಲಾ ಎಣ್ಣೆ ಬಿಸಿ ಮಾಡಿಟ್ಟಿದ್ದಳು. ಧಾರವಾಡದವಳು, ಉಳುಕು ತೆಗೆಯುವುದನ್ನು ಅಜ್ಜಿಯಿಂದ ಕಲಿತವಳು.

“ಸುಮ್ನ ಕೂಡ್ರಿ. ಎಲುಬು ಮುರಿದಿದ್ರ ನೀವು ಇಷ್ಟೊತ್ತಿಗೆ ಓಣಿ ಮಂದೀನೆಲ್ಲಾ ಕೂಡಸ್ತಿದ್ರಿ.”

ಎಳೆದಳು. ಲಟಕ್ ಎಂದಿತು.

“ಆತು ನೋಡ್ರಿ.”

ನಾನೂ ಆಯಿತೆಂದೇ ಅಂದುಕೊಂಡು ಇನ್ನೂ ಎರಡು ವಾರ ಆಡಿದೆ. ಆಮೇಲೊಂದು ಬೆಳಿಗ್ಗೆ ಕಾರಿನ ಕೀ ತಿರುಗಿಸಲಾಗಲಿಲ್ಲ.

ಎಂಆರ್‌ಐ ನೋಡಿದ ಡಾಕ್ಟರು ಸ್ಕೇಫಾಯಿಡ್ ಬಿರುಕು ಬಿಟ್ಟಿದೆ ಎಂದರು. ಮಣಿಕಟ್ಟಿನಲ್ಲಿ ಗೋಡಂಬಿಯಷ್ಟು ಮೂಳೆ. ಹಾಕಿ ಆಡುವವರು ಇದನ್ನು ಉಳುಕೆಂದುಕೊಂಡು ಆಡುತ್ತಲೇ ಇರುತ್ತಾರಂತೆ. ಆ ಮೂಳೆಗೆ ರಕ್ತ ಹರಿಯುವುದು ಕಮ್ಮಿ. ಕೂಡದಿದ್ದರೆ ಸರ್ಜರಿ, ಸ್ಕ್ರೂ. ಕೈ ಹೋದರೆ ಕೀಬೋರ್ಡ್, ಕೀಬೋರ್ಡ್ ಹೋದರೆ ಕೆಲಸ, ಕೆಲಸ ಹೋದರೆ ವೀಸಾ. ಎಂದಿನ ನಾನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಅವತ್ತು ಮಾತ್ರ ಏನೂ ಅನ್ನಿಸಲಿಲ್ಲ.

“ಬಿರುಕು ಸ್ವಲ್ಪ ಅಗಲವಾಗಿದೆ. ಡಿಡ್ ಎನಿಬಡಿ ಪುಲ್ ಆನ್ ಇಟ್?”

ಪಕ್ಕದಲ್ಲಿ ವಿಮಲಾ ಕೂತಿದ್ದಳು.

“ನೋ,” ಎಂದೆ.

ಕಾರಿನಲ್ಲಿ ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: “ಯಾಕ ಸುಳ್ಳು ಹೇಳಿದ್ರಿ?”

“ಇಂಗ್ಲಿಷಿನಲ್ಲಿ ಉಳುಕು ತೆಗೆಯೋದಕ್ಕೆ ಏನಂತಾರೋ ಗೊತ್ತಾಗಲಿಲ್ಲ.”

ಅವಳು ನಗಲಿಲ್ಲ.

ಮೂರು ತಿಂಗಳು ಮೊಣಕೈವರೆಗೆ ಪ್ಲಾಸ್ಟರ್ ಕ್ಯಾಸ್ಟ್. ಎರಡು ಸಾವಿರದ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ಕೆಡದಿರಲೆಂದು ತಿದ್ದಬೇಕಿದ್ದ ವೈಟುಕೆ ಕೋಡನ್ನು ಎಡಗೈಯಲ್ಲೇ ತಿದ್ದಿದೆ. ಮೇಜಿನ ಮೇಲಿನ ಬಲಗೈ ಯಾರೋ ಮರೆತು ಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ವಿಮಲಾ ಅನ್ನ ಕಲಸಿಕೊಟ್ಟಳು, ಅಂಗಿಯ ಗುಂಡಿ ಹಾಕಿದಳು, ಆಫೀಸಿಗೆ ಡ್ರೈವ್ ಮಾಡಿದಳು.

ಮೂಳೆ ಕೂಡಿತು. ಸ್ಕ್ರೂ ಬೇಡವಾಯಿತು. ಕೆಲಸ ಉಳಿಯಿತು, ವೀಸಾ ಉಳಿಯಿತು. ಮಣಿಕಟ್ಟು ಹಿಂದಕ್ಕೆ ಪೂರ್ತಿ ಬಾಗುವುದಿಲ್ಲ, ಅದಿಲ್ಲದೆಯೂ ಬದುಕಬಹುದು. ದಿನಾ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಬೇಕೆಂದು ಥೆರಪಿಸ್ಟ್ ಹೇಳಿದರು. ನಾನು ವಿಮಲಾಳ ಮುಂದೆ ಕೈ ಚಾಚಿದೆ.

“ನೀವ ಹಚ್ಕೋರಿ,” ಎಂದಳು. ಬಟ್ಟಲನ್ನು ನನ್ನ ಎಡಗೈ ಪಕ್ಕ ಇಟ್ಟು ಒಳಗೆ ಹೋದಳು.

ಎಣ್ಣೆ ಬಿಸಿ ಮಾಡಿಯೇ ಇಟ್ಟಿದ್ದಳು.